ಎಲ್ಲಾರಿಗೂ ಫೈವ್ ನೈನ್

ಖರೆ ಹೇಳ್ರಿ, ನೀವು ಹ್ವಾದ ಲಗ್ನದಾಗ ತಣ್ಣಗಾದ ಅನ್ನ ಉಂಡು, ಕೈ ತೊಳಕೊಂಡು, ಬೀಗರ ಮುಂದ ‘ಊಟ ಭಾಳ ಛಲೋ ಇತ್ರೀ’ ಅಂದಿರಿಲ್ಲೋ?

ಅಂದೀರಿ. ನಾನೂ ಅಂದೀನಿ. ನಮ್ಮ ರೇಡಿಯೋದವರು ಇದಕ್ಕ ‘ಫೈವ್ ನೈನ್’ ಅಂತಾರ.

(ಈ ಸಲ ಹಾಳಿ ಮ್ಯಾಲ ಬರದಿಲ್ಲ, ಫೋನಿನಾಗ ಒಂದೊಂದೇ ಅಕ್ಷರ ಕುಟ್ಟೀನಿ. ತಪ್ಪಿದ್ರ ಬೆರಳಿಗಿ ಬೈರಿ, ನನಗ ಬ್ಯಾಡ.)

ಹ್ಯಾಮ್ ರೇಡಿಯೋ, ಅಂದ್ರ ಹವ್ಯಾಸಕ್ಕಂತ ಊರೂರಿನವರ ಕೂಡ ಮಾತಾಡೋ ರೇಡಿಯೋ, ಅದರ ಪರೀಕ್ಷಾ ಪಾಸಾಗಿ ನಾ ಲೈಸೆನ್ಸ್ ತಗೊಂಡೀನಿ. ‘ಮಾತಾಡ್ಲಾಕ ನಿನಗೂ ಲೈಸೆನ್ಸ್ ಬೇಕಾಯ್ತಾ?’ ಅಂತ ನಮ್ಮ ಮನಿಯವರು ಇನ್ನಾ ನಗ್ತಾರ. ದಿನಾ ಮುಂಜಾನಿ ನಮ್ಮದು ‘ನೆಟ್’ ಇರ್ತದ. ಅಂದ್ರ, ಊರೂರಿನವರು ತಮ್ಮ ತಮ್ಮ ಮನ್ಯಾಗ ಮೈಕ್ ಹಿಡಕೊಂಡು ಕೂಡ್ತಾರ. ಒಬ್ಬರು ಹೆಸರು ಕರೀತಾರ, ಕರದವರು ಮಾತಾಡ್ತಾರ. ನಡುವ ಬಾಯಿ ಹಾಕಂಗಿಲ್ಲ. (ನಮ್ಮ ಮನಿಗಿ ಈ ರೂಲ್ ಯಾವಾಗ ಬರ್ತದೋ!)

ಮದಲ ಕೆಲಸ, ‘ನಿಮ್ಮ ಆವಾಜ್ ನನಗ ಹಿಂಗ ಕೇಳ್ತದ’ ಅಂತ ಮಾರ್ಕ್ಸ್ ಕೊಡೋದು. ಫೈವ್ ನೈನ್ ಅಂದ್ರ ಫುಲ್ ಮಾರ್ಕ್ಸ್. ಎಲ್ಲಾರೂ ಎಲ್ಲಾರಿಗೂ ಅದೇ ಕೊಡ್ತಾರ. ಕೊಟ್ಟು, ‘ನಿಮ್ಮ ಹೆಸರು ಏನಂದ್ರಿ? ಕೇಳಸಲಿಲ್ಲ’ ಅಂತಾರ!

ಹ್ವಾದ ವಾರ ಕಮಲಾಪುರದಾಗ ಎರಡು ದಿನ ಸ್ಪೆಷಲ್ ಸ್ಟೇಷನ್ ಹಾಕಿದ್ದೆವು. ಅಲ್ಲಿ ನಿಜಾಮರ ಕಾಲದ ಹಳೇ ಬಂಗ್ಲೆ ಒಂದು ಅದ, ಅದರ ನೆನಪಿಗಂತ. ಕಲಬುರಗಿಯಿಂದ ಜೀಪಿನಾಗ ರೇಡಿಯೋ ಸೆಟ್ಟು, ಬ್ಯಾಟರಿ, ಮತ್ತ ನಾನು. ಬೇವಿನ ಗಿಡಕ್ಕ ಏರಿಯಲ್ ತಂತಿ ಕಟ್ಟಿದ್ರು. ನಮ್ಮ ಕ್ಲಬ್ಬಿನ ಡಾಕ್ಟರು (ಜೇವರ್ಗಿ ಕಾಲೋನಿಯಾಗ ದವಾಖಾನಿ ಅದ) ಮದಲೇ ಹೇಳಿದ್ರು, ‘ಅಮ್ಮಾ, ಹರಟಿ ಬ್ಯಾಡ. ಫೈವ್ ನೈನ್ ಅನ್ರಿ, ಮುಂದಿನವರನ್ನ ಕರೀರಿ. ಇಂಥಾ ಸ್ಟೇಷನ್ ಕೂಡ ಮಾತಾಡ್ಲಾಕ ಪಾಳಿ ದೊಡ್ಡದಿರ್ತದ.’

ಕೆಂಪು ಬಾಳಿಹಣ್ಣು ತಿನಕೋತ ಕರೀಲಾಕತ್ತಿದ್ದೆ. ಬೀದರದಿಂದ ಗಫಾರ್ ಮಾಸ್ತರು ರೇಡಿಯೋದಾಗ ಬಂದ್ರು. ರಿಟೈರಾದ ಸಾಲಿ ಮಾಸ್ತರು, ನಮ್ಮ ನೆಟ್ಟಿನ ಹಳೇ ಮಂದಿ. ಹೆಸರಿಷ್ಟು ತಿಳೀತು, ಮುಂದ ಬರೇ ಕಾದ ಹಂಚಿನ ಮ್ಯಾಲ ನೀರು ಬಿದ್ದಂಗ ಚುರ್ ಚುರ್.

‘ಮಾಸ್ತರ, ನಿಮ್ಮ ಮಾತು ನಾಕಾಣೆ ಸುದ್ದಾ ತಿಳೀಲಾಕತ್ತಿಲ್ರಿ’ ಅಂದೆ.

ಡಾಕ್ಟರು ಹಣಿ ಬಡಕೊಂಡ್ರು. ‘ಫೈವ್ ನೈನ್ ಅನ್ರೀ ಅಮ್ಮಾ!’

ಆ ಕಡಿಂದ ಮಾಸ್ತರು ಏನೋ ಅಂದ್ರು. ಮೂರು ಸಲ ಹೇಳಿಸಿದ ಮ್ಯಾಲ ತಿಳೀತು.

‘ಖರೆ ಏನಕ್ಕಾ? ಎಲ್ಲಾರೂ ಫೈವ್ ನೈನ್ ಅಂತಾರ, ಆಮ್ಯಾಲ ಯಾರೂ ನನ್ನ ಕೂಡ ಮಾತಾಡಂಗಿಲ್ಲ. ಮಂದಿಗಿ ನಾ ಬ್ಯಾಸರಾಗೀನಿ ಅಂತ ತಿಳಕೊಂಡಿದ್ದೆ. ಇವತ್ತಿಗಿ ಮುಗಸಿ, ಸೆಟ್ ಯಾರಿಗರ ಕೊಟ್ಟುಬಿಡಬೇಕು ಅಂತ ಮಾಡಿದ್ದೆ.’

ಬಾಳಿಹಣ್ಣು ಬಾಜೂಕಿಟ್ಟೆ. ಅವರ ಮನಸು ನೋಯಬಾರ್ದು ಅಂತ ಎಲ್ಲಾರೂ ಫುಲ್ ಮಾರ್ಕ್ಸ್ ಕೊಟ್ಟಿದ್ದೆವು. ನೋಯಿಸಿದ್ದು ಅದೇ!

‘ಸೆಟ್ ಗಿಟ್ ಯಾರಿಗೂ ಕೊಡಬ್ಯಾಡ್ರಿ. ಮಾಳಿಗಿ ಏರಿ ನಿಮ್ಮ ತಂತಿ ನೋಡ್ರಿ ಮದಲ!’ ಅಂದೆ.

ಮರುದಿನ ಮಾಸ್ತರ ಆವಾಜ್ ಬಂತು ನೋಡ್ರಿ, ಡಾಕ್ಟರೇ ವಾಲ್ಯೂಮ್ ಕಡಿಮಿ ಮಾಡಿದ್ರು. ‘ಅಕ್ಕಾ, ಅಳಿಲು ಕೇಬಲ್ ಕಡದು, ಒಳಗ ನೀರು ಹೊಕ್ಕಿತ್ತು!’ ಕ್ಲಾಸಿನಾಗ ಒದರಿದಂಗ ಒದರಿದ್ರು ಮಾಸ್ತರು. ಪಾಳಿಯಾಗ ಇದ್ದವರು ತಮ್ಮ ಪಾಳಿ ಬಿಟ್ಟುಕೊಟ್ಟು ಅವರ ಮಾತು ಕೇಳಿದ್ರು.

ನಮ್ಮ ಅಜ್ಜ ನಿಜಾಮರ ಕಾಲದಾಗ ಇದೇ ಬಂಗ್ಲೆ ಮುಂದ ಕೈ ಮುಗದು ನಿಲ್ತಿದ್ದನಂತ. ಸಾಹೇಬರು ಊರು ಹ್ಯಾಂಗದ ಅಂದ್ರ, ‘ಎಲ್ಲಾ ಛಲೋ ಅದ ಸರ್ಕಾರ್.’ ಬಾವಿ ಕುಸಿದ್ರೂ ಛಲೋ, ದನ ಕಳವಾದ್ರೂ ಛಲೋ. ಅದು ಅಂಜಿಕಿ. ಈಗ ನಮಗ ಯಾರ ಅಂಜಿಕಿ ಅದ?

ಇದೇ ಹುರುಪಿನಾಗ ಮನಿಗಿ ಬಂದೆ. ನಮ್ಮ ಮನಿಯವರ ತಾಟಿಗಿ ಪುಂಡಿಪಲ್ಯ ಹಾಕಿ ಕೇಳಿದೆ, ‘ಲಗ್ನಾದಾಗಿಂದ ಛಲೋ ಅದ, ಛಲೋ ಅದ ಅಂತೀರಿ. ಇವತ್ತು ಖರೆ ಹೇಳ್ರಿ, ಹ್ಯಾಂಗದ?’

ರೊಟ್ಟಿ ಮುರಿಯೋದು ಬಿಟ್ಟು, ನನ್ನ ಮಾರಿ ನೋಡಿ ಅಂದ್ರು: ‘ಖರೆ ಮಾತಾಡ್ಲಾಕ ಮದಲ ನನಗೂ ಒಂದು ಲೈಸೆನ್ಸ್ ಕೊಡಸು.’