ಒಣ ಬೂಟಿನ ಹುಡುಗಿ

ವತ್ಸಲಾ ಅಕ್ಕೋರ ಸೆರಗಿನ ತುದಿಯಲ್ಲಿ ಸದಾ ಕೆಂಪು ಶಾಯಿಯ ಕಲೆ ಇರುತ್ತಿತ್ತು. ಪೆನ್ನು ಸೋರಿದರೆ ಕೈ ತೊಳೆಯಲು ಎದ್ದು ಹೋಗುವ ಪೈಕಿ ಅವರಲ್ಲ. ಸೆರಗಿಗೇ ಒರೆಸಿ ಮುಂದಿನ ಪೇಪರ್ ಎತ್ತಿಕೊಳ್ಳುತ್ತಿದ್ದರು. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸದಾಶಿವ ಪೇಠೆಯ ಹಳೆಯ ಕಟ್ಟಡದಲ್ಲಿ ನಮ್ಮ ಮನೆಯ ನೆತ್ತಿಯ ಮೇಲೆಯೇ ಅವರ ಮನೆ. ನಿವೃತ್ತಿಯಾದ ಮೇಲೂ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, “ಪೇಪರ್ ತಿದ್ದೂದ ಮುಗೀವಲ್ದರಿ, ಏನ್ ಮಾಡ್ಲಿ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಯಾದ ನಮ್ಮಂಥವರ ಮನೆಗಳಲ್ಲಿ ಅವರ ಕೆಂಪು ಗೆರೆಯೆಂದರೆ ಬ್ರಹ್ಮಬರೆಹ. ಯಾಕೆಂದು ಹೇಳುತ್ತೇನೆ. ಒಮ್ಮೆ ನಮ್ಮಕ್ಕನ ಪೇಪರಿನಲ್ಲಿ ಒಂದು ಲೆಕ್ಕಕ್ಕೆ ಅಡ್ಡಗೆರೆ ಎಳೆದಿದ್ದರು. ಅದೇ ಸಂಜೆ ಚಪಾತಿ ಹಿಟ್ಟು ಮೆತ್ತಿದ ಕೈಯಲ್ಲೇ ಮೆಟ್ಟಿಲಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತರು. “ನಿಂದು ಬರೋಬ್ಬರಿ ಅದ. ನಾ ಕಲಿಸಿದ ದಾರಿ ಬಿಟ್ಟು ಬ್ಯಾರೆ ದಾರೀಲೆ ಹೋಗಿದ್ದಿ, ನನಗ ತಿಳೀಲಿಲ್ಲ. ತಪ್ಪು ನಂದು” ಎಂದರು ಅಕ್ಕನಿಗೆ. ಅಪ್ಪ ಮುಜುಗರಪಟ್ಟು, “ಇರ್ಲಿ ಬಿಡ್ರಿ ಅಕ್ಕೋರ, ಒಂದ್ ಲೆಕ್ಕ” ಅಂದ.

“ಒಂದ್ ಲೆಕ್ಕದ ಮಾತಲ್ಲರಿ. ಬರೋಬ್ಬರಿ ಇದ್ದದ್ದಕ್ಕ ತಪ್ಪು ಹಾಕಿದ್ರ, ಕೂಸು ಮುಂದ ತನ್ನ ತಾ ನಂಬೂದಿಲ್ಲ.”

ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದಕ್ಕೇ ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು.

ನಾನು ಆರನೇ ತರಗತಿಯಲ್ಲಿದ್ದಾಗಿನ ಸಂಗತಿ. ಹಳೆಯ ಪೇಪರುಗಳ ಗಂಟು ಮಾರಲು ರದ್ದಿ ಅಂಗಡಿಗೆ ಹೋಗಿದ್ದ ಅಕ್ಕೋರು ಅಲ್ಲಿಂದ ಒಂದು ಡಿವಿಡಿ ತಂದರು. ಡಬ್ಬಿಯ ಮೇಲೆ ಹಿಮ ಹೊದ್ದ ದೊಡ್ಡ ಮನೆ, ಕಿಟಕಿಯಲ್ಲಿ ದೀಪ, ಬಾಗಿಲಿಗೆ ಕಟ್ಟಿದ ಕೆಂಪು ರಿಬ್ಬನ್. ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬದ ಯಾವುದೋ ಒಳ್ಳೆಯ ಕಥೆ, ಮಕ್ಕಳ ಇಂಗ್ಲಿಷೂ ಸುಧಾರಿಸುತ್ತದೆ ಎಂದು ಅವರ ಎಣಿಕೆ. ಡಿಸೆಂಬರ್ ಇಪ್ಪತ್ತೈದರ ಮಧ್ಯಾಹ್ನ ಪಾಠದ ಮಕ್ಕಳನ್ನೆಲ್ಲ ಕರೆದು, ಚುರಮುರಿಯ ಗಿರಮಿಟ್ ಕಲಸಿ ಕೊಟ್ಟು, ಪರದೆ ಎಳೆದು ಸಿನಿಮಾ ಹಚ್ಚಿದರು. ಕಾಲು ತಾಸು ಕಳೆಯುವಷ್ಟರಲ್ಲಿ ಆ ಮನೆಯ ಹಿರಿಯಣ್ಣ ಕ್ರಿಸ್‌ಮಸ್ ಮರದ ಬುಡದಲ್ಲಿ ಹೆಣವಾಗಿ ಬಿದ್ದಿದ್ದ. ಉಳಿದ ಮಕ್ಕಳು ಗಿರಮಿಟ್ ತಟ್ಟೆ ಸಮೇತ ಕಾಲಿಗೆ ಬುದ್ಧಿ ಹೇಳಿದರು. ನಾನೊಬ್ಬಳು ಕೂತಿದ್ದೆ. ಧೈರ್ಯ ಅಂತಲ್ಲ, ಕಾಲು ಜೋಮು ಹಿಡಿದಿತ್ತು.

ಅಕ್ಕೋರು ನನ್ನನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿದರು. “ಉಮಾ, ಅಂಜಿಕಿ ಬರ್ತದನ?” ಎಂದು ಕೇಳಿದರು. ಇಲ್ಲ ಎಂದು ಸುಳ್ಳು ಹೇಳಿದೆ. “ಹಂಗಾರ ಕೂಡು. ಇದರಾಗ ಗಣಿತ ಅದ” ಎಂದು ನನ್ನ ಮೇಲೂ ತಮ್ಮ ಮೇಲೂ ಒಂದೇ ಕೌದಿ ಹೊದಿಸಿದರು.

ಕಥೆ ಇಷ್ಟೆ. ಹಿಮ ಬಿದ್ದು ದಾರಿ ಮುಚ್ಚಿದ ಮನೆಯಲ್ಲಿ ಒಂದು ಕುಟುಂಬ ಹಬ್ಬಕ್ಕೆ ಸೇರಿದೆ. ದಿನಾ ಬೆಳಿಗ್ಗೆ ಮರದ ಕೆಳಗೆ ಕೆಂಪು ರಿಬ್ಬನ್ನಿನ ಒಂದು ಉಡುಗೊರೆ. ಅದರಲ್ಲಿ ಯಾರ ವಸ್ತು ಇರುತ್ತದೋ ಮರುದಿನ ಅವರ ಹೆಣ. ಕೊನೆಗೆ ಆ ಕುಟುಂಬದಲ್ಲಿ ಉಳಿಯುವವಳು ಕಿರಿಯ ಮಗಳೊಬ್ಬಳೇ. ನೆಲಮಾಳಿಗೆಯಿಂದ ಯಾರೋ ಗುನುಗುವ ಸದ್ದು. ಅವಳು ಹೋಗಿ ನೆಲಮಾಳಿಗೆಯ ಚಿಲಕದ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಚಿತ್ರ ನಿಂತುಬಿಟ್ಟಿತು.

“ಅಯ್ಯ, ಗೀರು ಬಿದ್ದದ ನೋಡು” ಎಂದು ಅಕ್ಕೋರು ಎದ್ದು ಡಿಸ್ಕ್ ತೆಗೆದು, ಒರೆಸಿ ಮತ್ತೆ ಹಾಕಿದರು. ಮತ್ತೆ ಅಲ್ಲೇ ನಿಂತಿತು. “ಇನ್ನ ಮುಂದ ಓಡೂದಿಲ್ಲ ಇದು. ಕೊನೀಗೆ ಏನಾತು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಬರೂ ವರ್ಷ ಇದs ದಿನ ಉತ್ತರ ತಗೊಂಡು ಬಾ.”

ಹಾಗೆ ಶುರುವಾಯಿತು. ಪ್ರತಿ ವರ್ಷ ಇಪ್ಪತ್ತೈದರ ಮಧ್ಯಾಹ್ನ ಪರದೆ, ಗಿರಮಿಟ್, ಕೌದಿ, ಅದೇ ಸಿನಿಮಾ. ಅದನ್ನು ನೋಡುವುದು ಹೇಗೆಂದು ಅವರು ನನಗೆ ಕಲಿಸಿದರು. ರೇಖಾಗಣಿತದ ಪ್ರಮೇಯ ಬಿಡಿಸಿದ ಹಾಗೆ ಅದಕ್ಕೂ ದತ್ತ, ಸಾಧನೀಯ, ಸಾಧನೆ. “ದತ್ತ ಎಲ್ಲಾ ಕಣ್ಣೆದುರಿಗೇ ಇಟ್ಟಾನ ಅಂವ. ಮುಚ್ಚಿಟ್ಟಿಲ್ಲ. ಛಲೋ ಮಾಸ್ತರ ಇರಬೇಕು” ಎಂದು ಸಿನಿಮಾ ಮಾಡಿದವನನ್ನು ಹೊಗಳುತ್ತಿದ್ದರು. ಕಿರುಚಾಟದಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಕೊಲೆ ನಡೆಯುವಾಗ ಗೋಡೆಯ ಗಡಿಯಾರ ನೋಡು, ಮೇಜಿನ ಮೇಲೆ ಎಷ್ಟು ಬಟ್ಟಲಿವೆ ನೋಡು, ಮುಖ ಮಾತ್ರ ನೋಡಬೇಡ ಎನ್ನುತ್ತಿದ್ದರು. “ಮಾರಿ ನೋಡಬ್ಯಾಡ. ಮಾರಿ ಸುಳ್ಳು ಹೇಳ್ತದ. ಕೈ ನೋಡು, ಕಾಲು ನೋಡು.” ನಮ್ಮಮ್ಮ ಕೆಳಗಿನಿಂದ, “ಹಬ್ಬದ ದಿನ ಹೆಣಾ ನೋಡ್ಕೋತ ಕೂಡ್ತಾರ, ಇವರಿಗೇನ್ ಬಂದದ” ಎಂದು ಗೊಣಗುವುದು ಕೇಳಿಸುತ್ತಿತ್ತು.

ಮೂರನೇ ವರ್ಷ ನಾನು ಕಾಲು ನೋಡಿದೆ. ಮೊದಲನೇ ದೃಶ್ಯದಲ್ಲಿ ಎಲ್ಲರೂ ಹಿಮದಿಂದ ಒಳಗೆ ಬರುತ್ತಾರೆ, ಎಲ್ಲರ ಬೂಟಿನಿಂದ ನೀರು ಸೋರುತ್ತಿದೆ. ಕಿರಿಯ ಮಗಳೂ ಈಗತಾನೇ ಬಂದೆ ಎನ್ನುತ್ತಾಳೆ, ಆದರೆ ಅವಳ ಬೂಟು ಒಣಗಿದೆ. ಚಿತ್ರ ಎಂದಿನಂತೆ ಚಿಲಕದ ಬಳಿ ನಿಂತ ಕೂಡಲೇ ಹೇಳಿಬಿಟ್ಟೆ: “ಅಕ್ಕೋರ, ನೆಲಮಾಳಗ್ಯಾಗ ಯಾರೂ ಇಲ್ಲರಿ. ಎಲ್ಲಾ ಈಕೀನs ಮಾಡ್ಯಾಳ. ಎಲ್ಲಾರಕಿಂತ ಮೊದಲ ಮನ್ಯಾಗ ಬಂದು ಕೂತಿದ್ಳು. ಈಕಿ ಬೂಟು ಒಣಗ್ಯಾವ ನೋಡ್ರಿ.”

ಅಕ್ಕೋರು ಕೌದಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ಆಮೇಲೆ, “ಅಲ್ಲ ಅನಸ್ತದ. ಒರಸ್ಕೊಂಡಿರಬೇಕು. ತಪ್ಪು” ಎಂದರು. ತಪ್ಪು ಎನ್ನುವಾಗ ಗಾಳಿಯಲ್ಲಿ ಬೆರಳಿನಿಂದ ಅಡ್ಡಗೆರೆ ಬೇರೆ ಎಳೆದರು.

ನಾನು ನಂಬಿದೆ. ಅವರ ಗೆರೆಯನ್ನು ನಂಬದೆ ಇನ್ನಾರದನ್ನು ನಂಬಲಿ? ಮುಂದಿನ ವರ್ಷದಿಂದ ಅಡುಗೆಯವನು, ಸತ್ತನೆಂದುಕೊಂಡ ಅಪ್ಪ, ಪಕ್ಕದ ಮನೆಯ ಪಾದ್ರಿ, ಹೀಗೆ ಒಬ್ಬೊಬ್ಬರನ್ನೇ ಕೊಲೆಗಾರ ಮಾಡುತ್ತಾ ಹೋದೆ. “ಛಲೋ ಅದ, ಆದ್ರ ಸಾಧನೆ ಸಾಲೂದಿಲ್ಲ” ಎಂದು ಅಕ್ಕೋರು ಎಲ್ಲವನ್ನೂ ತಳ್ಳಿಹಾಕಿದರು.

ಹತ್ತನೆಯ ಬೋರ್ಡ್ ಪರೀಕ್ಷೆಯಲ್ಲಿ ಒಂದು ಪ್ರಮೇಯಕ್ಕೆ ಸರಿಯಾಗಿ ಉತ್ತರ ಬರೆದು, ಅದನ್ನು ಹೊಡೆದುಹಾಕಿ ಬೇರೆ ಬರೆದು ಬಂದೆ. ಅಕ್ಕೋರು ಪ್ರಶ್ನೆಪತ್ರಿಕೆ ಹಿಡಿದು ಒಂದೊಂದನ್ನೇ ವಿಚಾರಿಸುವಾಗ ಸಿಟ್ಟಾದರು. “ಬರೋಬ್ಬರಿ ಬರದಿದ್ದಿ, ಯಾಕ ಹೊಡದಿ?”

“ನನಗ ಮೊದಲ ಹೊಳದದ್ದು ತಪ್ಪs ಇರ್ತದರಿ ಅಕ್ಕೋರ.”

ಅವರು ಪ್ರಶ್ನೆಪತ್ರಿಕೆ ಮಡಚಿಟ್ಟರು. ಎದ್ದು ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟರು. ನನ್ನ ದಡ್ಡತನ ಕಂಡು ಬೇಸರವಾಗಿದೆ ಎಂದುಕೊಂಡು ನಾನು ತಲೆ ತಗ್ಗಿಸಿ ನೀರು ಕುಡಿದೆ. ಆವತ್ತಾದರೂ ಅಕ್ಕೋರು ನಿಜ ಹೇಳಬಹುದಿತ್ತು.

ಇಂಜಿನಿಯರಿಂಗ್ ಮುಗಿಸಿ ಹಿಂಜವಾಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಇಪ್ಪತ್ತೈದನೇ ತಾರೀಖು ತಪ್ಪಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದ್ದರೆ ಅರ್ಧ ನಿಮಿಷದಲ್ಲಿ ಕೊನೆ ಗೊತ್ತಾಗುತ್ತಿತ್ತು. “ಅದು ಕಾಪಿ ಹೊಡದಂಗ” ಎಂದಿದ್ದರು ಅಕ್ಕೋರು, ನಾನು ಹುಡುಕಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಒಮ್ಮೆ ಬೆಂಗಳೂರಿನ ಸಹೋದ್ಯೋಗಿಯೊಬ್ಬ, “ಓ, ಆ ಮೂವಿ ನಿಮಗೂ ಗೊತ್ತಾ? ಅದಕ್ಕೆ ಕಲ್ಟ್ ಫಾಲೋಯಿಂಗೇ ಇದೆ ಕಣ್ರೀ. ಎಂಡಿಂಗ್‌ನಲ್ಲಿ ಏನಾಗುತ್ತೆ ಗೊತ್ತಾ...” ಎಂದು ಶುರುಮಾಡಿದ. ಎರಡೂ ಕಿವಿ ಮುಚ್ಚಿಕೊಂಡು, ಊಟದ ಡಬ್ಬಿ ಅಲ್ಲೇ ಬಿಟ್ಟು ಓಡಿದ್ದೆ. ಆತ ಇವತ್ತಿಗೂ ನನ್ನನ್ನು ನೋಡಿದರೆ ನಗುತ್ತಾನೆ.

ಹೋದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಅಕ್ಕೋರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಧನಕವಡಿಯಲ್ಲಿರುವ ತಮ್ಮನ ಮಗ ಬಂದು ಅವರನ್ನು ತನ್ನ ಮನೆಗೆ ಕರೆದೊಯ್ದ. ಮೇಲಿನ ಮನೆ ಖಾಲಿ ಮಾಡುವಾಗ ಆ ಡಿವಿಡಿ ನನ್ನ ಕೈಗೆ ಬಂತು. ಗೀರು ತೆಗೆಸಿ ಇಟ್ಟುಕೊಂಡರೆ ಈ ಸಲ ಇಬ್ಬರೂ ಕೂಡಿ ಕೊನೆ ನೋಡಬಹುದು, ಹಾಸಿಗೆ ಹಿಡಿದ ಜೀವಕ್ಕೆ ಖುಷಿಯಾದೀತು ಎಂದು ನನ್ನ ಆಸೆ. ಗೀರು ತೆಗೆಸುವುದು ಕಾಪಿಯಲ್ಲ, ಹರಿದ ಪುಸ್ತಕಕ್ಕೆ ರಟ್ಟು ಹಾಕಿಸಿದಂತೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡು ಬುಧವಾರ ಪೇಠೆಯ ಒಂದು ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವನು ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ಸ್ಕ್ರ್ಯಾಚ್ ಕುಠೇ ಆಹೆ, ತಾಈ?” ಎಂದ. ಗೀರು ಎಲ್ಲಿದೆ ಎಂದು ನನ್ನನ್ನೇ ಕೇಳಿದ. ಕೊನೆಯಲ್ಲಿ ನಿಲ್ಲುತ್ತದೆ ಎಂದೆ. ಅವನು ಅಂಗಡಿಯ ಟಿವಿಗೆ ಹಾಕಿ ಮುಂದಕ್ಕೆ ಓಡಿಸಿದ. ಚಿಲಕದ ಮೇಲೆ ಕೈ ಬಂತು. ನಿಲ್ಲಲಿಲ್ಲ. ಬಾಗಿಲು ತೆರೆಯಿತು. ನೆಲಮಾಳಿಗೆಯಲ್ಲಿ ಯಾರೂ ಇರಲಿಲ್ಲ, ಗುನುಗುತ್ತಿದ್ದದ್ದು ಹಳೆಯ ಟೇಪ್‌ರೆಕಾರ್ಡರ್. ಹುಡುಗಿ ಮೆಲ್ಲಗೆ ಅದನ್ನು ಆರಿಸಿ, ಮೆಟ್ಟಿಲ ಮೇಲೆ ಕೂತು, ಇನ್ನೊಂದು ಉಡುಗೊರೆಗೆ ಕೆಂಪು ರಿಬ್ಬನ್ ಕಟ್ಟತೊಡಗಿದಳು. ಕ್ಯಾಮೆರಾ ಅವಳ ಬೂಟಿನ ಮೇಲೆ ಬಂದು ನಿಂತಿತು.

ಅಂಗಡಿಯಲ್ಲಿ ಇಯರ್‌ಫೋನ್ ಕೊಳ್ಳುವವರ ಗದ್ದಲ. ಅದರ ನಡುವೆ ನಾನು ಹದಿಮೂರು ವರ್ಷದ ಹುಡುಗಿಯ ಹಾಗೆ ನಿಂತಿದ್ದೆ. ಕೌದಿಯ ಕೆಳಗೆ ಅವರ ಬಲಗೈ ಯಾವಾಗಲೂ ಒಳಗೇ ಇರುತ್ತಿದ್ದದ್ದು ನೆನಪಾಯಿತು. ರಿಮೋಟು ಎಲ್ಲೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೈ ನೋಡು ಎಂದು ಕಲಿಸಿದವರ ಕೈಯನ್ನೇ ನೋಡಲಿಲ್ಲ. ನನ್ನಂಥ ಮಂಗ ಇನ್ನೊಂದಿಲ್ಲ.

ಮರುದಿನವೇ ಧನಕವಡಿಗೆ ಹೋದೆ. ಅಕ್ಕೋರು ದಿಂಬಿಗೆ ಒರಗಿ ಕೂತಿದ್ದರು, ಕಾಲ ಮೇಲೆ ಅದೇ ಕೌದಿ. ಡಬ್ಬಿಯನ್ನು ಅವರ ಮುಂದಿಟ್ಟು, “ಗೀರು ಇಲ್ಲರಿ ಇದಕ್ಕ. ಪೂರಾ ಓಡ್ತದ” ಎಂದೆ.

ಅವರು ಡಬ್ಬಿ ಮುಟ್ಟಲಿಲ್ಲ. “ನೋಡಿದೆನು?”

“ನೋಡಿದೆ. ಮೂರನೇ ವರ್ಷ ನಾ ಹೇಳಿದ್ದು ಬರೋಬ್ಬರಿ ಇತ್ತು.”

“ಇತ್ತು.” ತಡೆಯದೆ ಒಪ್ಪಿಕೊಂಡರು. “ಬೂಟಿನ ಸಮೇತ ಹೇಳಿದ್ದಿ. ನನಗs ಅದು ಕಂಡಿರಲಿಲ್ಲ, ಕೊನಿ ನೋಡಿದ ಮ್ಯಾಲೆ ತಿಳಿದದ್ದು. ಮೊದಲನೇ ವರ್ಷ ನೀ ಸಣ್ಣಾಕಿ, ಅಂಜ್ತೀ ಅಂತ ನಿಲ್ಲಿಸಿದ್ದೆ. ಆವತ್ತ ಸಂಜಿಗೆ ಒಬ್ಬಾಕೀನs ಕೂತು ನೋಡಿದೆ.”

“ಮತ್ತ ತಪ್ಪು ಅಂದ್ರಿ?”

“ಅಂದೆ.”

ನನಗೆ ತಡೆಯಲಾಗಲಿಲ್ಲ. ಅಕ್ಕನ ಒಂದು ಲೆಕ್ಕಕ್ಕೆ ಹಿಟ್ಟಿನ ಕೈಯಲ್ಲಿ ಇಳಿದು ಬಂದಿರಲ್ಲ, ನನ್ನದಕ್ಕೆ ಯಾಕೆ ಬರಲಿಲ್ಲ ಎಂದೆ. ಬೋರ್ಡ್ ಪರೀಕ್ಷೆಯ ಉತ್ತರ ಯಾಕೆ ಹೊಡೆದೆನೆಂದು ಗೊತ್ತಿದ್ದೂ ನೀರು ಕೊಟ್ಟು ಸುಮ್ಮನಾದಿರಿ ಎಂದೆ. ಈಗಲೂ ಆಫೀಸಿನಲ್ಲಿ ಯಾರಾದರೂ ‘ಖಾತ್ರಿನಾ?’ ಎಂದರೆ ಸರಿಯಿದ್ದದ್ದನ್ನೂ ಅಳಿಸುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ಅಳುವೇ ಬಂತು. ಅವರು ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಅದರಲ್ಲಿ ಕಲೆ ಇರಲಿಲ್ಲ, ಧನಕವಡಿಯ ಮನೆಯಲ್ಲಿ ಎಲ್ಲವನ್ನೂ ಮಷೀನಿನಲ್ಲಿ ಒಗೆಯುತ್ತಾರೆ.

“ಬಾಕಿ ಹುಡುಗರೆಲ್ಲಾ ಪರೀಕ್ಷಾ ಮುಗೀತಂದ್ರ ಈ ಕಡೆ ಮಾರಿ ಹಾಕೂದಿಲ್ಲ, ಉಮಾ. ಉತ್ತರ ಸಿಕ್ಕ ಮ್ಯಾಲೆ ಮಾಸ್ತರ ಯಾಕ ಬೇಕು? ಬರೋಬ್ಬರಿ ಅಂದಿದ್ರ ನಾಕನೇ ವರ್ಷ ನೀ ಬರ್ತಿದ್ದೇನು?”

“ಬರ್ತಿದ್ದೆ” ಎಂದೆ. ಸಿಟ್ಟಿನಲ್ಲೇ ಹೇಳಿದೆ, ಆದರೆ ನಿಜವೆಂದೇ ಹೇಳಿದೆ.

ಅಕ್ಕೋರು ನನ್ನ ಮುಖ ನೋಡಿದರು. ತಪ್ಪಾಯಿತು ಅನ್ನಲಿಲ್ಲ. ನಾನು ಚಹಾ ಕುಡಿಯದೆ, ಡಬ್ಬಿ ಅಲ್ಲೇ ಬಿಟ್ಟು ಎದ್ದು ಬಂದೆ.

ಡಿಸೆಂಬರ್ ಇಪ್ಪತ್ತೈದು ಬಂತು. ರಜೆ ಇತ್ತು, ಸ್ಕೂಟರ್ ಇತ್ತು. ಸಿಟ್ಟೂ ಇತ್ತು. ಮನೆಯಲ್ಲೇ ಕೂತು ಅಮ್ಮನ ಜೊತೆ ಅವರೆಕಾಯಿ ಸುಲಿದೆ. ಮುಂದಿನ ವರ್ಷ ನೋಡೋಣ ಎಂದುಕೊಂಡೆ. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇರುವಾಗ ಅಕ್ಕೋರು ಹೋದರೆಂದು ಫೋನ್ ಬಂತು.

ನಾನು ಧನಕವಡಿಗೆ ಹೋದಾಗ ಅವರ ತಮ್ಮನ ಸೊಸೆ ಮಂಜುಳಾ ವೈನಿ ನನ್ನನ್ನು ಒಳಗೆ ಕರೆದು ಡಿವಿಡಿಯ ಡಬ್ಬಿ ಕೈಗಿಟ್ಟರು. ನಾತಾಳದ ದಿನ ಮಧ್ಯಾಹ್ನ ಅಕ್ಕೋರು ಕೋಣೆಯ ಪರದೆ ಎಳೆಸಿ, ಎರಡು ತಟ್ಟೆ ಗಿರಮಿಟ್ ಮಾಡಿಸಿ, ಕೌದಿ ಹೊದ್ದು ಕೂತಿದ್ದರಂತೆ. “ಮೂರು ಹೊಡದ ಮ್ಯಾಲೆ ನಾ ಕೇಳಿದೆ, ಉಮಾಗ ಫೋನ್ ಹಚ್ಚಲೇನು ಅಂತ. ಬ್ಯಾಡ, ಆಕೀಗೆ ಉತ್ತರ ಸಿಕ್ಕದ ಅಂದ್ರು. ಏನು ಉತ್ತರ್ರಿ ಅದು?” ಎಂದು ವೈನಿ ಕೇಳಿದರು. ಏನಿಲ್ಲರಿ, ಒಂದು ಸಿನಿಮಾದ್ದು ಎಂದೆ.

ಅವರು ನನಗೆ ಮೋಸ ಮಾಡಿದರು. ಇದನ್ನು ಬರೆಯುವಾಗಲೂ ನನಗೆ ಹಾಗೆಯೇ ಅನಿಸುತ್ತದೆ, ಸತ್ತವರ ಬಗ್ಗೆ ಹೀಗೆನ್ನಬಾರದೆಂದು ಅಮ್ಮ ಬೈದರೂ. ನನ್ನ ಸರಿ ಉತ್ತರಕ್ಕೆ ತಪ್ಪು ಹಾಕಿದರು, ಹಾಕಿ ಅಷ್ಟು ವರ್ಷ ಸುಮ್ಮನಿದ್ದರು. ಆದರೆ ಆವತ್ತು ಅವರ ಮುಖಕ್ಕೆ ‘ಬರ್ತಿದ್ದೆ’ ಎಂದು, ಉತ್ತರ ಸಿಕ್ಕ ವರ್ಷವೇ ಹೋಗದೆ ಉಳಿದೆನಲ್ಲ, ಅದೊಂದು ತಪ್ಪು ಉತ್ತರಕ್ಕೆ ಅಕ್ಕೋರು ಅಡ್ಡಗೆರೆ ಎಳೆಯಲಿಲ್ಲ.