ಅರ್ಧಕ್ಕೆ ಇಳಿಸಿದ ನೀರು

ಒಮಾನಿನ ಸೀಬ್ ಪಟ್ಟಣ ದಾಟಿ ಸಮುದ್ರದ ಬದಿಗೇ ಸ್ವಲ್ಪ ದೂರ ಹೋದರೆ ಅಕ್ಕ-ಭಾವನ ತೋಟ ಇತ್ತು. ತೋಟ ಈಗಲೂ ಅಲ್ಲೇ ಇದೆ, ಅವರು ಅಲ್ಲಿಲ್ಲ ಅಷ್ಟೆ. ಜಾಗ ಕಫೀಲನದ್ದು, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಒಮಾನಿ ಧಣಿಯದ್ದು; ದುಡಿಮೆ ಭಾವನದ್ದು. ಬಸಳೆ, ಹರಿವೆ, ಅಲಸಂಡೆ ಬೆಳೆಯುತ್ತಿದ್ದರು. ಊರಿನ ಬಸಳೆ ಸಿಗುತ್ತದೆ ಎಂದು ಗೊತ್ತಾದರೆ ಸಾಕು, ಬ್ಯಾರಿ ಅಂಗಡಿಯವರಿಂದ ಹಿಡಿದು ಮೈಸೂರು ಕಡೆಯ ಆಫೀಸಿನವರವರೆಗೆ ಎಲ್ಲರೂ ಕಾರು ತಿರುಗಿಸಿಕೊಂಡು ಬರುತ್ತಿದ್ದರು. ನಾನು ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಶುಕ್ರವಾರ ಬಂತೆಂದರೆ ತೋಟಕ್ಕೆ ಹೋಗಿ, ಹೊಟ್ಟೆ ಬಿರಿಯ ಉಂಡು, ಅಕ್ಕನ ಪಕ್ಕದಲ್ಲಿ ಬಿದ್ದುಕೊಳ್ಳುವುದೇ ನನ್ನ ರಜೆ.

ಭಾವನಿಗೆ ಗೊಬ್ಬರದ ಹುಚ್ಚು. ಊರಿನ ಕೆಂಪು ಮಣ್ಣಿನಲ್ಲಿ ಬೆಳೆದವರು, ಹಾಕಿದಷ್ಟೂ ನೆಲ ಕೊಬ್ಬುತ್ತದೆ ಎಂಬ ಲೆಕ್ಕ. ಇಲ್ಲಿ ನೆಲವೆಂದರೆ ಮರಳು, ಅದರ ಕೆಳಗೆ ಜಲ್ಲಿ. ಕೋಳಿ ಗೊಬ್ಬರ ಲಾರಿಯಲ್ಲಿ ಬರುತ್ತಿತ್ತು, ಅದರ ಮೇಲೆ ಯೂರಿಯಾ, ಅದರ ಮೇಲೆ ದಿನಾ ನೀರು. ಸುತ್ತಲಿನ ತೋಟಗಳದ್ದೂ ಇದೇ ಕಥೆ. ಗಿಡ ಕುಡಿದು ಬಿಟ್ಟದ್ದೆಲ್ಲ ಸೀದಾ ಬಾವಿಗೆ ಇಳಿಯುತ್ತಿತ್ತು. ಆ ಬಾವಿಯ ನೀರು ಮಾತ್ರ ಕುಡಿಯಲು ಅಷ್ಟು ಸಿಹಿ. ಅದರಲ್ಲಿ ಮಾಡಿದ ಚಹಾ ಕುಡಿದರೆ ಪೈಪಿನ ನೀರಿನ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಕ್ಕನಿಗೆ ಮಗುವಾದಾಗ ಅವರು ಆ ತೋಟದ ಮನೆಯಲ್ಲೇ ಇದ್ದರು. ಹೆಣ್ಣು ಮಗು. ಅಮ್ಮನಿಗೆ ಬರಲಾಗಲಿಲ್ಲ, ವೀಸಾ ತಡವಾಯಿತು. ಹಾಗಾಗಿ ಬಾಣಂತನವನ್ನು ಅವಳು ಊರಿನಿಂದ ಫೋನಿನಲ್ಲೇ ನಡೆಸಿದಳು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಉಂಟು: ಬಾಣಂತಿಗೂ ಮಗುವಿಗೂ ನೀರನ್ನು ಅರ್ಧಕ್ಕೆ ಇಳಿಸಿಯೇ ಕೊಡಬೇಕು. ತುಂಬಿದ ಪಾತ್ರೆ ಕುದಿದು ಕುದಿದು ಅರ್ಧವಾಗಬೇಕು, ಅದಕ್ಕೆ ಮೊದಲು ಒಲೆಯಿಂದ ಇಳಿಸಿದರೆ ಅದು ನೀರೇ ಅಲ್ಲ. ಎದೆಹಾಲು ಸಾಲದೆ ಅಕ್ಕ ಡಬ್ಬದ ಹಾಲು ಕೊಡುತ್ತಿದ್ದಳು. ಭಾವ ಅಂಗಡಿಯಿಂದ ಬಾಟಲಿ ನೀರು ತಂದರೆ, "ಅದು ಯಾವ ಕಾಲದ್ದೋ ಏನೋ" ಎಂದು ಬದಿಗಿಟ್ಟು, ಅಮ್ಮ ಹೇಳಿದಂತೆ ಬಾವಿ ನೀರನ್ನೇ ಅರ್ಧಕ್ಕೆ ಇಳಿಸಿ ಹಾಲು ಕಲಸುತ್ತಿದ್ದಳು.

ಮಗು ಕವುಚಿ ಬೀಳುವುದನ್ನು ಕಲಿಯುವ ಮೊದಲೇ ಹೋಯಿತು. ತುಟಿ, ಉಗುರು ನೀಲಿಯಾಗಿದ್ದವು. ಹೃದಯದ ತೊಂದರೆ ಇರಬಹುದು ಎಂದರು ಆಸ್ಪತ್ರೆಯಲ್ಲಿ. ಪೂರ್ತಿ ಪರೀಕ್ಷೆ ಮಾಡುವಷ್ಟು ಹೊತ್ತು ಅದು ಉಳಿಯಲಿಲ್ಲ. ಅಮ್ಮ ಮಾತ್ರ ಹೃದಯದ ಮಾತನ್ನು ಒಪ್ಪಲಿಲ್ಲ. "ನೀನು ನೀರು ಸರಿ ಇಳಿಸಿರ್ಲಿಕ್ಕಿಲ್ಲ" ಎಂದಳು. ವರ್ಷಗಳು ಕಳೆದರೂ ಮಾತು ಎಲ್ಲೆಲ್ಲಿಗೋ ಹೋಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅಕ್ಕ ಪ್ರತಿ ಸಲವೂ, "ಇಳಿಸಿದ್ದೇನಮ್ಮ, ದೇವರಾಣೆ" ಎನ್ನುತ್ತಿದ್ದಳು. ನನಗೆ ಅಮ್ಮನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಮಗು ಕಳೆದುಕೊಂಡವಳನ್ನು ಹೀಗೆ ಕುಟುಕುತ್ತಾರೆಯೇ?

ಕಳೆದ ಚಳಿಗಾಲದಲ್ಲಿ ಸರ್ಕಾರದವರು ಬಂದರು. ಇಲ್ಲಿನ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಬಾವಿಗಳ ಸುತ್ತಲಿನ ಕೃಷಿಭೂಮಿಯನ್ನು ರಕ್ಷಣಾ ವಲಯ ಎಂದು ಗುರುತಿಸುವ ಕೆಲಸ. ಮೊದಲೇ ನೀರಿನ ಮಾದರಿ ಒಯ್ದು ಪರೀಕ್ಷಿಸಿದ್ದರು. ಅಧಿಕಾರಿ ನಮ್ಮ ಶಾಲೆಯ ಹೊಸ ಟೀಚರುಗಳಷ್ಟೇ ವಯಸ್ಸಿನ ಒಮಾನಿ ಹುಡುಗಿ. ನಕ್ಷೆ ಬಿಡಿಸಿ, ಕಫೀಲನಿಗೆ ಅರಬಿಯಲ್ಲಿ, ನನಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ನಾನು ಭಾವನಿಗೆ ಕನ್ನಡದಲ್ಲಿ ದಾಟಿಸುತ್ತಿದ್ದೆ. ತೋಟ ಪೂರ್ತಿ ಕೆಂಪು ಬಣ್ಣದೊಳಗೆ ಬಿದ್ದಿತ್ತು. ಇನ್ನು ಕೋಳಿ ಗೊಬ್ಬರ ಇಲ್ಲ, ಯೂರಿಯಾ ಇಲ್ಲ, ತರಕಾರಿ ಇಲ್ಲ.

"ಗೆರೆ ಸ್ವಲ್ಪ ಆಚೆ ಹಾಕ್ಲಿಕ್ಕೆ ಆಗುದಿಲ್ವಾ, ಕೇಳು ಮಾರಾಯ್ತಿ," ಎಂದರು ಭಾವ.

ಕೇಳಿದೆ. ಆಗುವುದಿಲ್ಲ ಎಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬಂತು. ಅವಳು ಹೇಳುವುದು ಸರಿ ಎಂದು ಗೊತ್ತಿದ್ದದ್ದರಿಂದ ಇನ್ನಷ್ಟು ಬಂತು. ಆಮೇಲೆ ಅವಳು, ನೀರಿನಲ್ಲಿ ಗೊಬ್ಬರದಿಂದ ಇಳಿದ ನೈಟ್ರೇಟ್ ಬಹಳ ಇದೆ, ಇದನ್ನು ಹಾಲಿಗೆ ಕಲಸಿ ಎಳೆಮಕ್ಕಳಿಗೆ ಕೊಡಲೇಬಾರದು, ರಕ್ತಕ್ಕೆ ಉಸಿರು ಸಾಲದೆ ಮಗು ನೀಲಿಯಾಗುತ್ತದೆ ಎಂದಳು. ಅದೊಂದನ್ನು ನಾನು ಕನ್ನಡಕ್ಕೆ ತರಲಿಲ್ಲ. ಗೊಬ್ಬರದ ಮಾತಿಗೇ ಮರಳಿದೆ.

ಆದರೆ ಕಫೀಲನ ಮನೆಯ ಹೆಂಗಸರ ಜೊತೆ ಇಷ್ಟು ವರ್ಷ ಕಳೆದ ಅಕ್ಕನಿಗೆ ಅರಬಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಚಹಾದ ತಟ್ಟೆ ಹಿಡಿದುಕೊಂಡೇ ಅವಳು ಕೇಳಿದಳು, ಕಾಯಿಸಿದರೆ ಹೋಗುವುದಿಲ್ಲವೇ ಎಂದು. ಹುಡುಗಿ ತಾಳ್ಮೆಯಿಂದ ವಿವರಿಸಿದಳು: ಇದು ಕ್ರಿಮಿಯಲ್ಲ, ಸಾಯುವುದಿಲ್ಲ. ನೀರು ಆವಿಯಾಗುತ್ತದೆ, ಇದು ಉಳಿಯುತ್ತದೆ. ಕಾಯಿಸಿದಷ್ಟೂ ಹೆಚ್ಚು.

ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಭಾವ ಇನ್ನೂ ಗೆರೆಯ ವಿಷಯವನ್ನೇ ಮಾತಾಡುತ್ತಿದ್ದರು. ಕಫೀಲ ಅವರ ಹೆಗಲ ಮೇಲೆ ಕೈಯಿಟ್ಟು, "ಖಲಾಸ್" ಎಂದ, ಮೆಲ್ಲಗೆ.

ನಾನು ಒಳಗೆ ಹೋದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು.

"ಅರ್ಧಕ್ಕೆ ಇಳಿಸ್ತಿದ್ದೆ ನಾನು," ಎಂದಳು. "ಒಂದು ದಿನವೂ ತಪ್ಪಿಸ್ಲಿಲ್ಲ."

"ಡಾಕ್ಟ್ರು ಹೃದಯ ಅಂತ ಹೇಳಿದ್ದಾರಲ್ಲ ಅಕ್ಕ. ಅದೇ ಆಗಿರ್ಬಹುದು. ಆಗಿನ ನೀರು ಹೇಗಿತ್ತು ಅಂತ ಈಗ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುದೂ ಇಲ್ಲ."

ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಮರುದಿನ ಸಂಜೆ, ನಾನಿನ್ನೂ ತೋಟದಲ್ಲೇ ಇದ್ದಾಗ, ಅಮ್ಮನ ಫೋನು ಬಂತು. ಬಾವಿ ನೀರು ಕೆಟ್ಟಿದೆ, ತೋಟ ಬಿಡಬೇಕು ಎಂದು ಭಾವ ಆಗಲೇ ಅವಳಿಗೆ ಹೇಳಿಯಾಗಿತ್ತು. ಅಕ್ಕ ಸೊಪ್ಪು ಸೋಸುತ್ತಿದ್ದಳು, ಸ್ಪೀಕರ್ ಹಾಕಿದಳು. ಅಮ್ಮನ ದನಿ ಯಾವತ್ತಿನಂತಿರಲಿಲ್ಲ.

"ಬಾವಿ ನೀರೇ ಸರಿ ಇರ್ಲಿಲ್ಲಂತೆ, ಹೌದಾ?"

"ಹೌದಮ್ಮ."

"ಹಾಗಾದ್ರೆ ಮಗುವಿಗೆ... ಬಾವಿ ನೀರು ಕಾಯಿಸಿ ಕೊಡು ಅಂತ ಹೇಳಿದ್ದು ನಾನೇ ಅಲ್ವಾ? ಕಾಯಿಸಿದ್ರೂ ಹೋಗುದಿಲ್ವಾ ಅದು?"

ನಾನು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದಳು.

"ಕಾಯಿಸಿದ್ರೆ ಹೋಗ್ತದಮ್ಮ," ಎಂದಳು. "ನಾನೇ ಸರಿ ಇಳಿಸ್ಲಿಲ್ಲ. ನಿದ್ದೆಗಣ್ಣಲ್ಲಿ ಬೇಗ ತೆಗೀತಿದ್ದೆ."

ಅಮ್ಮ ಅತ್ತಳು. "ನಾನು ಆಗ್ಲೇ ಹೇಳಿದ್ದೆ ನಿಂಗೆ," ಎಂದಳು.

"ಹೌದಮ್ಮ, ಹೇಳಿದ್ದಿ," ಎಂದಳು ಅಕ್ಕ.