ತಿರುವು ತಪ್ಪಿಸುವವರು

ನೆಟ್ಟಗೆ ಹೋಗಲು ಜಾಗವಿರುವಾಗ ಸುತ್ತಿ ಹೋಗುವವನನ್ನು ನಮ್ಮ ಕಡೆ ಕುಡಿದಿದ್ದಾನೆ ಎಂದೇ ತಿಳಿಯುತ್ತಾರೆ. ಇಂಥ ಊರಿನಲ್ಲಿ ನಾನು ಒಂದು ಬೇಸಿಗೆ ಪೂರ್ತಿ ಕೂತು ಸುತ್ತುದಾರಿ ಕಡಿದೆ. ಕೂತು ಎಂದದ್ದು ಮಾತಿಗೆ. ಕೂತದ್ದೇ ಹೆಚ್ಚು ಎಂದು ನನ್ನ ಗೆಳೆಯ ಹೇಳುತ್ತಾನೆ.

ಇದಕ್ಕೆಲ್ಲ ಕಾರಣ ನಮ್ಮತ್ತೆ, ಅಪ್ಪನ ಅಕ್ಕ. ಬಣಕಲ್ಲಿನಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಿಂದ ಒಳಗೆ ಅವರದೊಂದು ಹೋಂಸ್ಟೇ ಇದೆ. ಈಜುಕೊಳ ಇಲ್ಲ, ಕ್ಯಾಂಪ್ ಫೈರ್ ಹಾಕಿದರೆ ಬೆಂಕಿಗಿಂತ ಹೊಗೆ ಜಾಸ್ತಿ. ಅತಿಥಿಗಳು ಬರುತ್ತಿದ್ದುದು ಮನೆ ಹಿಂದಿನ ಗುಡ್ಡ ಹತ್ತುವುದಕ್ಕೆ, ಗುಡ್ಡ ಹತ್ತಬೇಕಾದರೆ ಪಕ್ಕದ ಗೌಡರ ಕಾಫಿ ತೋಟ ದಾಟಬೇಕು. ಹಿಂದಿನ ಮಳೆಗಾಲದಲ್ಲಿ ಆ ಕಾಲುದಾರಿಯೇ ಹಳ್ಳವಾಗಿ ಗೌಡರ ಗಿಡಗಳ ಬುಡ ಕೊರೆದಿತ್ತು. ಗೌಡರು ಅಂಗಳಕ್ಕೇ ಬಂದರು.

“ನೋಡಮ್ಮ, ಈ ಸಲ ಮಳೆ ಹಿಡಿದ ಮೇಲೆ ಒಂದು ಸುತ್ತು ಬರ್ತೀನಿ. ಮತ್ತೆ ಕೊರಕಲು ಕಂಡ್ರೆ ಬೇಲಿ ಹಾಕ್ಸೋದೇ. ಆಮೇಲೆ ನಿಮ್ಮ ಗೆಸ್ಟುಗಳು ಹಪ್ಪಳ ತಿಂತಾ ಗುಡ್ಡದ ಫೋಟೋ ನೋಡ್ಲಿ.”

ಅವರು ಗೇಟು ದಾಟಿದ್ದೇ ತಡ, ನಾನು ಅದೇ ಮಾತನ್ನು ಅವರದೇ ಗಂಟಲಿನಲ್ಲಿ, ನಡುನಡುವೆ ಬರುವ ಕೆಮ್ಮು ಸಮೇತ ಅತ್ತೆಗೆ ಒಪ್ಪಿಸಿದೆ. ಅತ್ತೆ ನಗಲಿಲ್ಲ.

“ಗೌಡ್ರ ಹಾಗೆ ಕೆಮ್ಮೋಕೆ ಬರುತ್ತೆ. ಮಣ್ಣು ಕೊಚ್ಚಿಹೋಗದ ಹಾಗೆ ದಾರಿ ಮಾಡೋಕೆ ಬರುತ್ತೇನೋ? ಬೇಲಿ ಹಾಕಿದ್ರು ಅಂದ್ರೆ ಒಬ್ಬ ಗೆಸ್ಟೂ ಬರಲ್ಲ. ಮನೆಗೆ ಬೀಗ ಹಾಕಿ ನಿನ್ನ ರೂಮಿಗೇ ಬಂದು ಇರ್ತೀನಿ.”

ನನ್ನ ಬಾಡಿಗೆ ಕೋಣೆಯಲ್ಲಿ ಅತ್ತೆಯನ್ನು ಒಮ್ಮೆ ಊಹಿಸಿಕೊಂಡೆ. ಮರುದಿನವೇ ಪಿಕಾಸಿ ಹಿಡಿದೆ.

ಬಣಕಲ್ಲಿನಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವ ಗೆಳೆಯನೂ ಸೇರಿಕೊಂಡ. ವಿಡಿಯೋ ನೋಡಿ ನೋಡಿ ನಾವು ಕಲಿತದ್ದು ಇಷ್ಟು: ನೀರು ದಾರಿಯ ಉದ್ದಕ್ಕೆ ನಡೆಯಬಾರದು, ದಾರಿಯನ್ನು ದಾಟಿ ಹೋಗಬೇಕು. ಅದಕ್ಕೆ ದಾರಿ ಗುಡ್ಡವನ್ನು ಓರೆಯಾಗಿ, ತಿರುವು ತಿರುವಾಗಿ ಹತ್ತಬೇಕು, ಹೊರಬದಿಗೆ ಒಂಚೂರು ವಾಲಿರಬೇಕು. ಆಗ ಬಿದ್ದ ನೀರು ಅಲ್ಲಲ್ಲೇ ಜಾರಿ ತರಗೆಲೆಯೊಳಗೆ ಇಂಗುತ್ತದೆ. ಗಾರೆಯವರ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆವು. ಗೆಳೆಯ ಆ ತುದಿಯಿಂದ “ಸ್ವಲ್ಪ ಮೇಲೆ” ಎಂದರೆ ನಾನು ಬಸ್ ಕಂಡಕ್ಟರನ ದನಿಯಲ್ಲಿ “ಹೋಲ್ಡಾನ್! ಇಳಿಯೋರು ಇಳೀರಿ!” ಎನ್ನುತ್ತಿದ್ದೆ. ಕೆಲಸ ನಿಧಾನವಾದದ್ದಕ್ಕೆ ಅವನು ಇದನ್ನೇ ಕಾರಣವಾಗಿ ಕೊಡುತ್ತಾನೆ.

ದಾರಿ ಚೆನ್ನಾಗಿಯೇ ಆಯಿತು. ಆದರೆ ಅದರ ಮೇಲೆ ಯಾರೂ ನಡೆಯಲಿಲ್ಲ.

ಕೆಳಗಿನ ತಿರುವಿಗೆ ಬಂದವರು ಸುತ್ತಿ ಹೋಗದೆ ಕಾಫಿ ಗಿಡಗಳ ನಡುವೆ ನೆಟ್ಟಗೆ ಮೇಲಕ್ಕೆ ನುಗ್ಗುತ್ತಿದ್ದರು. ತೋಟದ ಕೆಲಸದ ಹೆಂಗಸೊಬ್ಬರು ನಿಂತು, “ಎಂಥ ಮಾರಾಯ, ಕೆರೆಹಾವು ಹರಿದ ಹಾಗೆ ಮಾಡಿಟ್ಟಿದ್ದೀಯ! ಇದ್ರಲ್ಲಿ ಹೋದ್ರೆ ನಾವು ಕೆಲಸಕ್ಕೆ ಮುಟ್ಟೋ ಹೊತ್ತಿಗೆ ಊಟದ ಬೆಲ್ ಆಗುತ್ತೆ” ಎಂದು ಬುದ್ಧಿ ಹೇಳಿ ನೆಟ್ಟಗೇ ಹೋದರು. ಆ ಅಡ್ಡದಾರಿ ದಿನದಿಂದ ದಿನಕ್ಕೆ ಸವೆಯುತ್ತಿತ್ತು. ಮಳೆ ಬಿದ್ದರೆ ಮೊದಲು ಕೊರೆಯುವುದು ಅದನ್ನೇ.

ಬಿದ್ದಿದ್ದ ಸಿಲ್ವರ್ ಮರದ ತುಂಡುಗಳನ್ನು ಅಡ್ಡ ಇಟ್ಟೆವು. ಬೆಳಗಾಗುವಷ್ಟರಲ್ಲಿ ಅವು ಯಾರದೋ ಒಲೆಗೆ ಸೌದೆಯಾಗಿದ್ದವು. ಲಂಟಾನದ ಮುಳ್ಳು ಹಾಕಿದರೆ, ಪಾಪ ಹುಡುಗರಿಗೆ ಚುಚ್ಚೀತೆಂದು ಯಾರೋ ಒತ್ತಟ್ಟಿಗೆ ಪೇರಿಸಿಟ್ಟರು. ‘ಇಲ್ಲಿ ದಾರಿ ಇಲ್ಲ’ ಎಂದು ಬೋರ್ಡು ನೆಟ್ಟೆ. ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಗೊತ್ತಾಯಿತು.

“ದಾರಿ ಇಲ್ಲದ ಕಡೆ ಯಾರಾದ್ರೂ ಬೋರ್ಡ್ ಹಾಕ್ತಾರೇನೋ?” ಎಂದ ಗೆಳೆಯ.

ಕೊನೆಗೆ ನನ್ನ ವಿದ್ಯೆಯನ್ನೇ ನಂಬಿದೆ. ಗಿಡಗಳ ಮರೆಯಲ್ಲಿ ಕೂತು, ಅಡ್ಡದಾರಿಗೆ ಕಾಲಿಟ್ಟ ಅತಿಥಿಗಳಿಗೆ ಕೇಳುವಂತೆ ಕಾಡುಕೋಣದ ಹಾಗೆ ಬುಸುಗುಟ್ಟಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಅವರು ದಿಕ್ಕಿಗೊಬ್ಬರಂತೆ ಗಿಡ ಮುರಿದುಕೊಂಡು ಗುಡ್ಡ ಇಳಿದರು.

“ಭಾರೀ ಆಯ್ತು ಮಾರಾಯ,” ಎಂದ ಗೆಳೆಯ. “ಇದ್ದದ್ದು ಒಂದು ಅಡ್ಡದಾರಿ, ನೀನು ನಾಲ್ಕು ಮಾಡ್ದೆ. ಇನ್ನೊಂದು ಸಲ ಬುಸುಗುಟ್ಟು, ರಿಂಗ್ ರೋಡೂ ಆಗಿಹೋಗ್ಲಿ.”

ಚಾರ್ಮಾಡಿ ಕಡೆಯಿಂದ ಮೋಡ ಏರತೊಡಗಿತ್ತು. ಅತ್ತೆ ನನ್ನ ಕೋಣೆಯಲ್ಲಿ ಕಿಟಕಿ ಯಾವ ಕಡೆಗಿದೆ ಎಂದು ವಿಚಾರಿಸತೊಡಗಿದ್ದರು. ಅಂಥ ಒಂದು ಸಂಜೆ ಅದೇ ಅಡ್ಡದಾರಿಯಲ್ಲಿ ಊರುಗೋಲು ಊರುತ್ತ ಏದುಸಿರು ಬಿಡುತ್ತ ಹತ್ತುತ್ತಿದ್ದವರು ಬೇರೆ ಯಾರೂ ಅಲ್ಲ, ಗೌಡರು.

“ಗೌಡ್ರೇ, ನೀವೇ ಅಡ್ಡದಾರಿ ಹಿಡಿದ್ರೆ ಹೆಂಗೆ?”

“ನನ್ನ ತೋಟದಲ್ಲಿ ನಾನು ಹೋದ್ರೆ ಅದು ದಾರಿ ಕಣೋ. ನೀವು ಹೋದ್ರೆ ಅಡ್ಡದಾರಿ.”

ಅವರು ಒಂದು ಚಪ್ಪಟೆ ಬಂಡೆ ಹತ್ತಿ, ಫೋನನ್ನು ತಲೆಯ ಮೇಲೆ ಎತ್ತಿ, ಮಳೆಗಾಗಿ ಮೊರೆಯಿಡುವವರಂತೆ ನಿಂತರು. ಫೋನು ಟಿಣ್ ಎಂದಿತು.

“ಇವತ್ತಿನ ಕಾಫಿ ರೇಟು ಬಂತು. ಇಡೀ ತೋಟದಲ್ಲಿ ನೆಟ್‌ವರ್ಕ್ ಸಿಗೋದು ಈ ಬಂಡೆ ಮೇಲೆ ಮಾತ್ರ. ಗೊತ್ತಿಲ್ವಾ ನಿಂಗೆ?”

ನನಗೆ ಗೊತ್ತಿರಲಿಲ್ಲ. ನನ್ನದೂ ಗೆಳೆಯನದೂ ಒಂದೇ ಕಂಪನಿಯ ಸಿಮ್, ಅದಕ್ಕೆ ಗುಡ್ಡದ ಯಾವ ಮೂಲೆಯಲ್ಲೂ ಜೀವ ಬರುವುದಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ಗೊತ್ತಿರುವ ವಿಷಯವನ್ನು ಮತ್ತೆ ಹೇಳುವುದು ಎಂಥಕ್ಕೆ ಎಂದು ಯಾರೂ ಹೇಳಿರಲಿಲ್ಲ. ಜನ ತಿರುವು ತಪ್ಪಿಸುತ್ತಿದ್ದುದು ಸೋಮಾರಿತನದಿಂದಲ್ಲ, ಬಂಡೆಗೆ ಹೋಗುವುದಕ್ಕೆ. ಅಷ್ಟು ದಿನ ಮಟ್ಟ ಹಿಡಿದು ಕಡಿದ ನಮ್ಮ ದಾರಿ ಆ ಬಂಡೆಯನ್ನು ದೂರದಿಂದಲೇ ಬಳಸಿಕೊಂಡು ಹೋಗಿತ್ತು.

ಮಳೆಗೆ ಮುಂಚೆ ಸಿಕ್ಕಷ್ಟು ದಿನಗಳಲ್ಲಿ ತಿರುವನ್ನೇ ಎಳೆದು ಬಂಡೆಗೆ ತಂದೆವು. ಈಗ ಕೆಳಗಿನಿಂದ ಬಂಡೆಯವರೆಗೆ ತಿರುವು ತಿರುವಾಗಿ, ಉಸಿರು ಕಟ್ಟದ ಓರೆ ಏರು. ಹಳೆಯ ಅಡ್ಡದಾರಿಗಳ ಮಣ್ಣು ಸಡಿಲಿಸಿ, ಸೊಪ್ಪುಸದೆ, ತರಗೆಲೆ ತುಂಬಿ ಮುಚ್ಚಿದೆವು. ಒಂದು ಬೋರ್ಡೂ ಹಾಕಲಿಲ್ಲ. ಬುದ್ಧಿ ಹೇಳಿದ್ದ ಆ ಹೆಂಗಸು ಬಂಡೆ ಮೇಲೆ ನಿಂತು ಮಗಳ ಜೊತೆ ಫೋನಿನಲ್ಲಿ ಮಾತಾಡಿ, ತಮಗೇ ತಿಳಿಯದಂತೆ ತಿರುವು ಸುತ್ತಿ ಹೋದರು.

ಮಳೆ ಹಿಡಿಯಿತು. ಎರಡು ದಿನ ಒಂದೇ ಸಮನೆ ಹೊಡೆದ ಮೇಲೆ ಗೌಡರು ಕೊಡೆ ಹಿಡಿದು ಬಂದರು. ಅತ್ತೆ ಅಂಗಳದಲ್ಲೇ ನಿಂತರು. ನಾನು ಗೌಡರ ಹಿಂದೆ, ಯಾರ ದನಿಯನ್ನೂ ತೆಗೆಯದೆ, ನಡೆದೆ. ನೀರು ದಾರಿಗೆ ಬಂದು, ದಾರಿಯನ್ನು ದಾಟಿ, ತೆಳ್ಳಗೆ ಹರಡಿ ಗಿಡಗಳೊಳಗೆ ಇಂಗುತ್ತಿತ್ತು. ಮುಚ್ಚಿದ ಅಡ್ಡದಾರಿಯ ಸೊಪ್ಪನ್ನು ಗೌಡರು ಊರುಗೋಲಿನಿಂದ ಎತ್ತಿ ನೋಡಿದರು. ಮಣ್ಣು ಇದ್ದಲ್ಲೇ ಇತ್ತು.

“ಹ್ಞೂಂ. ಕೊರಕಲು ಇಲ್ಲ,” ಎಂದರು ಬಂಡೆ ಹತ್ತುತ್ತ, ಕೊರಕಲು ಇಲ್ಲದ್ದು ನನ್ನ ತಪ್ಪೇನೋ ಎಂಬಂತೆ.

“ಹಾಗಾದ್ರೆ ಬೇಲಿ?”

“ಬೇಲಿ ಎಂಥಕ್ಕೆ ಇನ್ನು? ಆದ್ರೆ ರೇಟು ಬರೋ ಹೊತ್ತಲ್ಲಿ ನಿಮ್ಮ ಗೆಸ್ಟುಗಳು ಈ ಬಂಡೆ ಮೇಲೆ ಸೆಲ್ಫಿ ಅಂತ ನಿಂತ್ಕೋಬಾರ್ದು. ಹೇಳಿದ್ದೀನಿ.”

ಅತ್ತೆಗೆ ಸುದ್ದಿ ಮುಟ್ಟಿಸಬೇಕೆಂದು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಖುಷಿಯಲ್ಲಿ ಕಾಲು ಹೋದದ್ದು ನಾವೇ ಮುಚ್ಚಿದ್ದ ಅಡ್ಡದಾರಿಗೆ. ಎರಡನೇ ನೆಗೆತಕ್ಕೆ ಮೊಣಕಾಲವರೆಗೆ ಸೊಪ್ಪಿನಲ್ಲಿ ಹೂತುಹೋದೆ.

“ಏಯ್! ಕಣ್ಣು ಕಾಣಲ್ವೇನೋ? ಮುಚ್ಚಿದ್ದಾರೆ ಅಲ್ಲಿ! ಹತ್ತು ಮೇಲೆ! ಸುತ್ತಿ ಹೋಗು!” ಎಂದು ಬಂಡೆ ಮೇಲಿನಿಂದ ಗೌಡರು ಗದರಿದರು.

ಹತ್ತಿದೆ. ಸುತ್ತಿ ಹೋದೆ. ಎಡಕ್ಕೆ ಉದ್ದಕ್ಕೂ ನಡೆದು, ತಿರುಗಿ, ಬಲಕ್ಕೆ ಉದ್ದಕ್ಕೂ ನಡೆದೆ. ಕೆಳಗಿನಿಂದ ಅತ್ತೆಗೆ ನಾನು ಆರಾಮವಾಗಿ ಶತಪಥ ಹಾಕುತ್ತಿರುವಂತೆ ಕಂಡಿರಬೇಕು. ನಾನು ಕೂಗಿದ್ದು ಮಳೆಯಲ್ಲಿ ಅವರಿಗೆ ಕೇಳಲಿಲ್ಲ. ಅತ್ತೆಯ ಗಂಟಲಿಗೆ ಮಾತ್ರ ಮಳೆ ಲೆಕ್ಕಕ್ಕಿಲ್ಲ.

“ಬೇಲಿನೋ, ಇಲ್ವೋ? ಮೊದಲು ಹೇಳೋ! ಮೆರವಣಿಗೆ ಆಮೇಲೆ ಮಾಡ್ಕೋ!”

ಮೇಲೆ ನೋಡಿದೆ. ಗೌಡರು ಕೊಡೆ ಹಿಡಿದುಕೊಂಡು ನಿಂತೇ ಇದ್ದರು. ಇನ್ನೂ ಮೂರು ತಿರುವು ಬಾಕಿ ಇತ್ತು.